ಅಮ್ಮನ ಮಾತಿಗೆ ಒಂದೇ ಪ್ರೊಸೆಸರ್

ನಮ್ಮಪ್ಪನದು ಕಂಪ್ಯೂಟರ್ ರಿಪೇರಿ ಅಂಗಡಿ. ಯಾರು ಏನು ತಂದರೂ ಮೊದಲು ಅದರೊಳಗಿನ, ನಾಣ್ಯದಷ್ಟಗಲದ ಬ್ಯಾಟರಿ ನೋಡುತ್ತಾನೆ. ಅದು ಸತ್ತರೆ ಕಂಪ್ಯೂಟರ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಮರೆತುಬಿಡುತ್ತದೆ. ಊರವರದ್ದನ್ನೆಲ್ಲ ಬದಲಿಸುವ ಈ ಮಹಾಶಯನಿಂದ ಮನೆಯಲ್ಲಿ ಒಂದು ಬಲ್ಬ್ ಹಾಕಿಸಬೇಕಾದರೆ ಅಮ್ಮ ಗಂಟಲು ಹರಿದುಕೊಂಡು ಕೂಗಬೇಕಿತ್ತು. ಆಮೇಲೆ ಕಾಯಿಲೆ ಬಂದು ಡಾಕ್ಟರು ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದರು.

ಅಪ್ಪ ಎಲ್ಲಿಂದಲೋ ಒಂದು ಹಳೆಯ ಸಾಫ್ಟ್‌ವೇರ್ ತಂದ. ಅಮ್ಮ ಟೈಪ್ ಮಾಡಿ ಎಂಟರ್ ಒತ್ತಿದರೆ ಹೆಂಗಸಿನ ದನಿಯೊಂದು ಓದುತ್ತಿತ್ತು. ಓದಿದ ಸಾಲು ಪರದೆಯಿಂದ ಅಳಿಸಿಹೋಗುತ್ತಿತ್ತು. ಬರೆಯುವಾಗ ಯಾರಾದರೂ ಇಣುಕಿದರೆ ಅವಳಿಗೆ ಸಿಟ್ಟು.

ಆ ಕಂಪ್ಯೂಟರ್ ಕೆಟ್ಟಾಗ ಅಪ್ಪ ಎರಡು ಪ್ರೊಸೆಸರ್ ಇರುವುದನ್ನು ಹೆಮ್ಮೆಯಿಂದ ತಂದಿಟ್ಟ. ಹಳೆಯ ಸಾಫ್ಟ್‌ವೇರಿಗೆ ಎರಡು ಒಗ್ಗಲಿಲ್ಲ. ದನಿ ಎದ್ದೆನೋ ಬಿದ್ದೆನೋ ಎಂದು ಓಡಿತು, ಒಂದು ಪದವೂ ತಿಳಿಯಲಿಲ್ಲ. ಅಮ್ಮ ಮುಖ ಊದಿಸಿಕೊಂಡು ಕೀಬೋರ್ಡ್ ತಳ್ಳಿದಳು. ಅಪ್ಪ ಸೆಟ್ಟಿಂಗಿಗೆ ಹೋಗಿ ಒಂದು ಪ್ರೊಸೆಸರನ್ನು ನಿಲ್ಲಿಸಿದ. ಅಮ್ಮನ ಮೊದಲ ಮಾತು ಸ್ಪಷ್ಟವಾಗಿ ಬಂತು:

“ಈಗ ಥೇಟ್ ನಿಮ್ಮ ಹಾಗೇ ಆಯ್ತು ನೋಡಿ, ಅರ್ಧ ತಲೆಯಲ್ಲೇ ಕೆಲಸ.”

ಅಪ್ಪ ಕಣ್ಣೊರೆಸಿಕೊಂಡು ನಕ್ಕ.

ಕಾಯಿಲೆ ಮರುಕಳಿಸಿತು. ಕಂಪ್ಯೂಟರನ್ನು ಹಾಸಿಗೆಯ ಪಕ್ಕಕ್ಕೆ ತಂದೆವು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಅಮ್ಮ ಅಪ್ಪನನ್ನು ಸನ್ನೆಯಲ್ಲೇ ಕರೆದು, ಒಂದೊಂದೇ ಅಕ್ಷರ ಹುಡುಕಿ, ಬಹಳ ಹೊತ್ತು ಟೈಪ್ ಮಾಡಿ ಎಂಟರ್ ಒತ್ತಿದಳು. ದನಿ ಗಡಿಬಿಡಿಯಲ್ಲಿ ಏನೋ ಒದರಿ ನಿಂತಿತು. ಸಾಲು ಅಳಿಸಿಹೋಯಿತು. ಒಳಗಿನ ಬ್ಯಾಟರಿ ಯಾವಾಗಲೋ ಸತ್ತಿತ್ತು. ಕರೆಂಟ್ ಹೋದಾಗ ಸೆಟ್ಟಿಂಗ್ ಮರೆತ ಕಂಪ್ಯೂಟರ್ ಎರಡು ಪ್ರೊಸೆಸರನ್ನೂ ಚಾಲೂ ಮಾಡಿಕೊಂಡಿತ್ತು.

“ತಡಿಯೇ, ಸರಿ ಮಾಡ್ತೀನಿ. ಇನ್ನೊಂದ್ಸಲ ಹೇಳು.”

ಅಪ್ಪ ಸರಿಪಡಿಸುವಷ್ಟರಲ್ಲಿ ಅವಳಿಗೆ ಜೊಂಪು ಹತ್ತಿತ್ತು. ಎದ್ದ ಮೇಲೆ ಹೇಳಲಿ ಎಂದು ಸುಮ್ಮನಾದೆವು. ಅವಳು ಏಳಲೇ ಇಲ್ಲ.

ನನಗೆ ಅಪ್ಪನ ಮೇಲೆ ಕೆಟ್ಟ ಕೋಪ ಬಂದಿತ್ತು. ಈಗ ಅವನನ್ನು ನೋಡಿದರೆ ಪಾಪ ಅನಿಸುತ್ತದೆ. ಅಂಗಡಿಯಿಂದ ಬಂದವನೇ ಆ ಕಂಪ್ಯೂಟರಿನ ಎರಡೂ ಪ್ರೊಸೆಸರ್ ಚಾಲೂ ಮಾಡುತ್ತಾನೆ. ಅಮ್ಮ ಹೇಳಿರಬಹುದಾದ ಮಾತನ್ನು ತಾನೇ ಟೈಪ್ ಮಾಡಿ, ಎಂಟರ್ ಒತ್ತಿ, ಸ್ಪೀಕರಿಗೆ ಕಿವಿಯಿಡುತ್ತಾನೆ. ಅವತ್ತಿನ ಸದ್ದು ನೆನಪಿದೆಯಂತೆ. ಅದಕ್ಕೆ ಹೊಂದುವ ಮಾತು ಸಿಗಬೇಕಂತೆ.

ನಿನ್ನೆ ಕೇಳಿದೆ: “ಸಿಕ್ತಾ ಅಪ್ಪಾ?”

“ಇಲ್ಲಮ್ಮಾ. ಅವಳು ಹೇಳಿದ್ದು ಇದಕ್ಕಿಂತ ಸ್ವಲ್ಪ ಉದ್ದ ಇತ್ತು.”