ಅವಳ ದನಿ, ನನ್ನ ಕೈ

ನನ್ನ ಮೈದುನ ಗುಂಡ್ಲುಪೇಟೆಯಲ್ಲಿ ಕೇಬಲ್ ಟೀವಿ ನಡೆಸುತ್ತಿದ್ದ. ಮನೆಮನೆಯ ಮೇಲೂ ಡಿಶ್ ಕೂರುವುದಕ್ಕೆ ಮುಂಚಿನ ಮಾತು. ಹತ್ತಾರು ಚಾನೆಲ್‌ಗಳ ನಡುವೆ ಒಂದು ಅವನದೇ ಸ್ವಂತದ್ದು. ಅದರಲ್ಲಿ ಬಟ್ಟೆ ಅಂಗಡಿಯ ಜಾಹೀರಾತು, ಹುಟ್ಟುಹಬ್ಬದ ಶುಭಾಶಯ, ಸಂಜೆಗೊಂದು ಹಳೆಯ ಸಿನಿಮಾ ಬರುತ್ತಿದ್ದವು. ಮಧ್ಯಾಹ್ನವೆಲ್ಲ ಬರೀ ನೀಲಿ ಪರದೆ.

ಆ ಖಾಲಿ ಹೊತ್ತಿನಲ್ಲಿ ಮಲಯಾಳಂ ಕಲಿಸಬಹುದಲ್ಲ ಎಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಯಾರಿಗೂ ಅದು ನೆನಪಿರಲಿಲ್ಲ. ಮದುವೆಗೆ ಮುಂಚೆ ನಾನು ಚಾಮರಾಜನಗರದ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದೆ. ನಮ್ಮ ಮಾವನದು ತರಕಾರಿ ಮಂಡಿ. ಕೇರಳದ ವ್ಯಾಪಾರಿಗಳ ಜೊತೆ ಅರ್ಧ ತಮಿಳು, ಅರ್ಧ ಕೈಸನ್ನೆಯಲ್ಲಿ ಹೆಣಗಾಡಿ ಬಂದು ಜಗಲಿಯ ಮೇಲೆ ಕೂತುಬಿಡುತ್ತಿದ್ದರು. ಅದನ್ನು ನೋಡಿ ನೋಡಿ ಹೊಳೆದದ್ದು.

ಆದರೆ ಮಲಯಾಳಂ ಬರುತ್ತಿದ್ದುದು ನನಗಲ್ಲ, ಮೈದುನನ ಹೆಂಡತಿಗೆ. ಅವಳ ತೌರು ಸುಲ್ತಾನ್ ಬತ್ತೇರಿ. ಮನೆಮಾತು ಕನ್ನಡವಾದರೂ ಓದಿದ್ದೆಲ್ಲ ಮಲಯಾಳಂನಲ್ಲಿ. ಕನ್ನಡ ಅಕ್ಷರ ಗೊತ್ತಿರಲಿಲ್ಲ. ಮದುವೆ ಕಾಗದ ಬಂದರೆ ನನ್ನ ಮುಂದೆ ಹಿಡಿದು, "ಅಕ್ಕ, ಇದ್ಯಾರ್ದು?" ಅನ್ನುತ್ತಿದ್ದಳು. ಆಗೆಲ್ಲ ನನಗೆ ಅವಳ ಮೇಲೆ ಎಲ್ಲಿಲ್ಲದ ಅಕ್ಕರೆ.

ಮಾವ ಒಪ್ಪಿದರು, ಒಂದು ಷರತ್ತಿನ ಮೇಲೆ. "ಮಾಡ್ಕಳಿ, ಬ್ಯಾಡ ಅನ್ನಲ್ಲ. ಆದ್ರೆ ನಮ್ಮನೆ ಎಣ್ಮಕ್ಳ ಮೊಕ ಟೀವಿಲಿ ಕಾಣ್ಕೂಡ್ದು ಕಣ್ಲಾ," ಎಂದು ಮೈದುನನಿಗೆ ಹೇಳಿದರು. ಹಾಗಾಗಿ ಅದು ಮುಖವಿಲ್ಲದ ಪಾಠವಾಯಿತು. ಮದುವೆ ವಿಡಿಯೊ ತೆಗೆಯುವ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ, ಕತ್ತು ಬಗ್ಗಿಸಿ, ನೆಲದ ಮೇಲಿನ ಸ್ಲೇಟಿನತ್ತ ತಿರುಗಿಸಿದೆವು. ಪರದೆಯಲ್ಲಿ ಸ್ಲೇಟು, ಬಳಪ ಹಿಡಿದ ಒಂದು ಕೈ, ಅಷ್ಟೇ. ಮಲಯಾಳಂ ಪದ ಕನ್ನಡ ಅಕ್ಷರದಲ್ಲಿ, ಪಕ್ಕದಲ್ಲಿ ಅದರ ಅರ್ಥ.

ಮಾತು ನಾನೇ ಹೇಳುತ್ತೇನೆ, ಅವಳು ಉಚ್ಚಾರಣೆ ಕಲಿಸಿದರೆ ಸಾಕು ಎಂದುಕೊಂಡಿದ್ದೆ. ಒಂದು ಸಲ ಹೇಳಿಯೂ ನೋಡಿದೆ. ಮೈದುನ ಟೇಪು ಕೇಳಿ ತಲೆ ಕೆರೆದುಕೊಂಡ.

"ಅತ್ತಿಗೆ, ಬೇಜಾರ್ ಮಾಡ್ಕಬೇಡಿ. ಪಾಠ ಒಪ್ಪುಸ್ದಂಗದೆ."

ಅವಳು ಹೇಳಿದಾಗ ಮಾತ್ರ ಎಲ್ಲರೂ ನಕ್ಕರು. "ಅಂಜು ಅಂದ್ರೆ ಹೆದರ್ಕೋಬೇಡಿ, ಐದು ಅಂತ ಅಷ್ಟೆ," ಅಂದಳು. "ಮಂಡಿಲಿ ಕೇರಳದೋರ ಹತ್ರ ಪಟ್ಟಿ ಕೊಡಿ ಅನ್ಬೇಡಿ ಮತ್ತೆ. ಅವ್ರಿಗೆ ಪಟ್ಟಿ ಅಂದ್ರೆ ನಾಯಿ." ದನಿಯಲ್ಲಿ ಅದೇನೋ ನಗು ತಡೆದುಕೊಂಡಂಥ ಒಂದು ಸೊಗಸಿತ್ತು. ನಾನು ಬಳಪ ಹಿಡಿದೆ.

ಎರಡು ತಿಂಗಳಲ್ಲಿ ಊರೆಲ್ಲ ಅವಳ ದನಿ. ಒಂದು ದಿನ ಇಬ್ಬರೂ ಸಂತೆಗೆ ಹೋಗಿದ್ದೆವು. ಅವಳು ಬಗ್ಗಿ, "ಅವರೆಕಾಯಿ ಹೆಂಗಮ್ಮ?" ಎಂದಳು, ಅಷ್ಟೇ. ಮಾರುವ ಹೆಂಗಸು ತಕ್ಕಡಿ ಕೆಳಗಿಟ್ಟುಬಿಟ್ಟಳು.

"ಅಯ್, ಟೀವಿಲಿ ಮಾತಾಡೋ ಅವ್ವ ನೀನೇನಾ? ಅದೇ ದನಿ ಕಣವ್ವ!"

ಅಕ್ಕಪಕ್ಕದವರೆಲ್ಲ ಸೇರಿದರು. ಬೊಗಸೆ ತುಂಬ ಅವರೆಕಾಯಿ ಹೆಚ್ಚಿಗೆ ಬಿತ್ತು. ಅವಳು ನಾಚಿಕೊಂಡು ನನ್ನ ಕಡೆ ಕೈ ತೋರಿಸಿ, "ಬರಿಯೋದೆಲ್ಲ ನಮ್ಮಕ್ಕನೇ," ಎಂದಳು.

"ಓ, ಬರಿಯಾದಾ," ಎಂದ ಆ ಹೆಂಗಸು ಮತ್ತೆ ಅವಳ ಕಡೆಗೇ ತಿರುಗಿದಳು.

ದಿನಾ ತೆರೆಯ ತುಂಬ ಕಾಣುತ್ತಿದ್ದುದು ನನ್ನ ಕೈ. ಗುರುತು ಸಿಗಲೆಂದು ಹಸಿರು ಬಳೆಗಳ ನಡುವೆ ಒಂದು ಕೆಂಪು ಬಳೆಯನ್ನೂ ತೊಟ್ಟು ನೋಡಿದೆ. ಯಾರೂ ಗಮನಿಸಲಿಲ್ಲ. ಕೇಬಲ್ ಆಫೀಸಿಗೆ ಫೋನು ಬಂದರೆ ಅವಳಿಗೆ. ಮನೆಗೆ ನೆಂಟರು ಬಂದರೆ, ಒಂದೆರಡು ಮಾತು ಹೇಳು ಎಂದು ಅವಳನ್ನೇ ಕೂರಿಸಿಕೊಳ್ಳುತ್ತಿದ್ದರು. ನನ್ನ ಗಂಡನೂ ಊಟಕ್ಕೆ ಕೂತಾಗ ಅವಳ ಪಾಠದ ತಮಾಷೆಯನ್ನು ನನಗೇ ಹೇಳಿ ನಗುತ್ತಿದ್ದರು, ಅದನ್ನು ಸ್ಲೇಟಿನ ಮೇಲೆ ಬರೆದವಳು ನಾನಲ್ಲ ಎಂಬಂತೆ. ಅವಳು ಒಳಗಿನ ಕೋಣೆಯಿಂದ ಕರೆದರೆ ಸಾಕು, ನನಗೆ ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ತಿನ್ನುವ ಕುಡಿಯುವ ಪದಾರ್ಥಗಳ ಪಾಠ. "ವೆಳ್ಳಂ. ವೆಳ್ಳಂ ಅಂದ್ರೆ ನೀರು," ಎಂದಳು. ನಾನು ಸ್ಲೇಟಿನ ಮೇಲೆ 'ವೆಳ್ಳಂ' ಎಂದು ಬರೆದೆ. ಪಕ್ಕದಲ್ಲಿ 'ಬೆಲ್ಲ' ಎಂದು ಬರೆದೆ.

ಕೈತಪ್ಪಿ ಬರೆದದ್ದಲ್ಲ. ಬರೆಯುವ ಮುಂಚೆ ಒಂದು ಗಳಿಗೆ ಬಳಪ ನಿಂತಿತ್ತು. ಅವಳು ನನ್ನ ಪಕ್ಕದಲ್ಲೇ ಕೂತು ಸ್ಲೇಟನ್ನೇ ನೋಡುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲವೆಂದು ನನಗೆ ಗೊತ್ತಿತ್ತು.

ಟೇಪು ಪ್ರಸಾರವಾದ ಐದಾರು ದಿನಕ್ಕೆ ಬೇಗೂರಿನ ಒಬ್ಬ ಬೆಲ್ಲದ ವ್ಯಾಪಾರಿ ನಮ್ಮ ಮನೆಗೇ ಬಂದ. ವಯಸ್ಸಾದ ಮನುಷ್ಯ, ಸಿಟ್ಟಿನಿಂದ ಬೆವರುತ್ತಿದ್ದ. "ಯಾರವ್ವ ನಿಮ್ಮಲ್ಲಿ ಪಾಠ ಯೋಳದು? ಒಳ್ಳೆ ಬೆಲ್ಲ ಅದೆ ಅನ್ನಕ್ಕೋಗಿ ನಲ್ಲ ವೆಳ್ಳಂ ಉಂಡು ಅಂತ ಕೇರಳದ ಪಾರ್ಟಿಗೆ ಫೋನಲ್ಲಿ ಯೋಳ್ಬುಟ್ಟೆ. ಯಾಕಪ್ಪಾ, ನಮ್ಮೂರಲ್ಲಿ ನೀರಿಲ್ವಾ ಅಂತ ಬಿದ್ದು ಬಿದ್ದು ನಗ್ತಾವ್ನೆ. ಈಗ ಮಾರ್ಕೆಟ್ಟಲ್ಲೆಲ್ಲ ನನ್ನ ನೀರಿನ್ ಸಾವ್ಕಾರ ಅಂತಾರೆ!"

ಅವಳು ಸೆರಗು ಹೊದ್ದು ಹೊರಗೆ ಬಂದು ಕೈಮುಗಿದಳು. "ನಾನೇ ಅಣ್ಣ ಹೇಳೋದು. ಏನೋ ತಪ್ಪಾಗಿರ್ಬೇಕು."

"ಬತ್ತೇರಿಲಿ ಉಟ್ಟಿ ಬೆಳ್ದೋಳ್ಗೆ ನೀರು ಯಾವ್ದು ಬೆಲ್ಲ ಯಾವ್ದು ಗೊತ್ತಿಲ್ವಾ?" ಎಂದು ಮಾವ ಎಲ್ಲರ ಮುಂದೆ ರೇಗಿದರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಅವಳು ತಲೆ ತಗ್ಗಿಸಿದ್ದನ್ನು ನೋಡಿ ಎದೆಯಲ್ಲಿ ತಣ್ಣಗಾಯಿತು. ಸುಳ್ಳು ಹೇಳಲಾರೆ, ಹಿತವಾಗಿತ್ತು. ಅಷ್ಟರಲ್ಲಿ ಮೈದುನ ಟೇಪು ತಂದು ಹಾಕಿದ. "ವೆಳ್ಳಂ ಅಂದ್ರೆ ನೀರು" ಎಂದು ಅವಳ ದನಿ ಸ್ಪಷ್ಟವಾಗಿ ಹೇಳಿತು. ಅದೇ ಹೊತ್ತಿಗೆ ನನ್ನ ಕೈ ದುಂಡಗೆ 'ಬೆಲ್ಲ' ಎಂದು ಬರೆಯಿತು.

"ಮಾತು ಕೇಳಿಸ್ಕಳ್ಲಿಲ್ವಾ ನೀವು?" ಎಂದು ಮೈದುನ ಕೇಳಿದ.

"ಅಂಗ್ಡಿ ಮುಂದೆ ಲಾರಿ ಸದ್ದಲ್ಲಿ ಮಾತೆಲ್ಲಿ ಕೇಳದು? ಬರ್ದಿದ್ದ ನೋಡಿ ಚೀಟಿಲಿ ಗೀಚ್ಕೊಂಡೆ."

ಎಲ್ಲರೂ ನನ್ನ ಕಡೆ ನೋಡಿದರು. "ಕೈತಪ್ಪಾಯ್ತು," ಎಂದೆ. ಮಾವನ ಮುಖ ಸಡಿಲವಾಯಿತು. "ದೊಡ್ಡ ಸೊಸೆ ಮೇಷ್ಟ್ರಾಗಿದ್ದೋಳು ಕಣಪ್ಪ, ಏನೋ ಯೋಚ್ನೆಲಿ ಆಗೋಗದೆ. ಬುಡು." ಕಾಫಿ ಕುಡಿಸಿ ಕಳಿಸಿದರು. ಒಬ್ಬರಿಗೂ ನನ್ನ ಮೇಲೆ ಅನುಮಾನ ಬರಲಿಲ್ಲ.

ಅಡುಗೆಮನೆಯಲ್ಲಿ ಅವಳು ಲೋಟ ತೊಳೆಯುತ್ತಿದ್ದಳು. ತಿರುಗದೆ ಕೇಳಿದಳು.

"ಅಕ್ಕ, ಕೈತಪ್ಪಾ?"

ಸುಮ್ಮನಿರಬಹುದಿತ್ತು. "ಅಲ್ಲ," ಎಂದೆ.

"ಯಾಕೆ?"

"ಎಲ್ಲಾರೂ ನಿನ್ನೇ ಕೇಳ್ತಾರೆ."

ಅವಳು ಲೋಟಗಳನ್ನು ಬೋರಲು ಹಾಕಿ ಹೊರಗೆ ಹೋದಳು. ಯಾರಿಗೂ ಹೇಳಲಿಲ್ಲ. ಮುಂದಿನ ಪಾಠದಲ್ಲಿ, "ಹೋದ ವಾರ ನಮ್ಮಿಂದ ಒಂದು ತಪ್ಪಾಯ್ತು," ಎಂದು ಶುರುಮಾಡಿ ತಿದ್ದಿ ಹೇಳಿದಳು. 'ನಮ್ಮಿಂದ' ಎಂದಿದ್ದಳು; ನಾನು 'ವೆಳ್ಳಂ' ಪಕ್ಕದಲ್ಲಿ 'ನೀರು' ಎಂದು ಬರೆದೆ. ಆಮೇಲೆ ಹತ್ತು ದಿನ ಪಾಠದ ಮಾತು ಬಿಟ್ಟು ನನ್ನೊಡನೆ ಇನ್ನೊಂದು ಮಾತಾಡಲಿಲ್ಲ. ಹನ್ನೊಂದನೆಯ ದಿನ ಸ್ಲೇಟು ತಂದು ನನ್ನೆದುರು ಕೂತಳು.

"ನಂಗೆ ಕನ್ನಡ ಅಕ್ಷರ ಕಲ್ಸಿ ಅಕ್ಕ. ನೀವೇನ್ ಬರೀತೀರ ಅಂತ ನಂಗೆ ಗೊತ್ತಾಗ್ಬೇಕು."

ಕಲಿಸಿದೆ. ಬೇಗ ಕಲಿತಳು, ಅದಕ್ಕೂ ಹೊಟ್ಟೆಕಿಚ್ಚಾಯಿತು. ಆಮೇಲೆ ನಾನು ಬರೆದ ಪ್ರತಿ ಸಾಲನ್ನೂ ಅವಳು ಓದಿ ತಲೆಯಾಡಿಸಿದ ಮೇಲೆಯೇ ಅಳಿಸುತ್ತಿದ್ದೆ.

ಮರುವರ್ಷ ಅವಳು ಹೆರಿಗೆಗೆ ತೌರಿಗೆ ಹೋದಳು. ಮೂರು ತಿಂಗಳು ದನಿಯೂ ನನ್ನದೇ, ಕೈಯೂ ನನ್ನದೇ. ನಾನು ಬಯಸಿದ್ದು ಅದನ್ನೇ. ಫೋನುಗಳು ಬಂದವು, "ಆ ಯಮ್ಮ ಎಲ್ಲೋದ್ರು? ಯಾವಾಗ ಬತ್ತಾರೆ?" ಎಂದು. ಮೈದುನ ನನ್ನೆದುರಿಗೆ ಫೋನು ಎತ್ತುವುದನ್ನೇ ಬಿಟ್ಟ.

ಮಗು ಎತ್ತಿಕೊಂಡು ಬಂದವಳೇ ಅವಳು ಒಂದು ಹೊಸ ಮಾತು ತೆಗೆದಳು. ಊರಲ್ಲಿರುವ ಮಲಯಾಳಿಗಳಿಗೆ ಕನ್ನಡ ಕಲಿಸೋಣ, ಅದರಲ್ಲಿ ಅಕ್ಕ ಮಾತಾಡಲಿ, ನಾನು ಮಲಯಾಳಂ ಅಕ್ಷರದಲ್ಲಿ ಬರೆಯುತ್ತೇನೆ ಎಂದಳು. ವಾರಕ್ಕೆ ಒಂದು ದಿನ ಅದನ್ನೂ ಶುರುಮಾಡಿದೆವು. ಕೇಬಲ್ಲನ್ನು ಮೈದುನ ಮಾರುವ ತನಕ ನಡೆಯಿತು. ಯಾರು ನೋಡುತ್ತಿದ್ದರೋ ಗೊತ್ತಿಲ್ಲ, ಅಂಗಡಿ ಬೀದಿಯಲ್ಲಿ ನನ್ನ ದನಿ ಗುರುತಿಸಿದವರು ಒಬ್ಬರೂ ಸಿಗಲಿಲ್ಲ.

ಮಲಯಾಳಂ ಅಕ್ಷರ ನನಗೆ ಓದಲು ಬರುತ್ತಿರಲಿಲ್ಲ. ಪ್ರತಿ ಪಾಠವಾದ ಮೇಲೂ ಅವಳು ಬರೆದದ್ದನ್ನು ಒಂದು ಹಾಳೆಗೆ ನಕಲು ಮಾಡಿಕೊಂಡು, ಹೆದ್ದಾರಿಯ ಬದಿಯ ಮಲಯಾಳಿ ಬೇಕರಿಯವನಿಗೆ ಗುಟ್ಟಾಗಿ ತೋರಿಸುತ್ತಿದ್ದೆ. ಅವನು ಓದಿ, ಎಲ್ಲ ಸರಿಯಾಗಿದೆ ಚೇಚಿ ಎನ್ನುತ್ತಿದ್ದ. ಒಂದು ಸಲವೂ ತಪ್ಪಿರಲಿಲ್ಲ. ಆದರೂ ಮುಂದಿನ ವಾರ ಮತ್ತೆ ಹೋಗುತ್ತಿದ್ದೆ.