ಇದ್ದಲಿ ಮೋಟಾರಿನಲ್ಲಿ ಹಿರೇಕೆರೂರಿಗೆ

ಯಲವಿಗಿ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಆದರೂ ನೆಲದ ಕಾವು ಚಪ್ಪಲಿ ದಾಟಿ ಅಂಗಾಲಿಗೆ ತಾಗುತ್ತಿತ್ತು. ಮೇ ತಿಂಗಳ ನಡುಭಾಗ. ನಾನು ಹಿರೇಕೆರೂರಿನಲ್ಲಿರುವ ಅಕ್ಕನ ಮನೆಗೆ ಹೊರಟಿದ್ದೆ. ರಜೆಯಲ್ಲಿ ಧಾರವಾಡ ಬಿಟ್ಟು ಆ ದಿಕ್ಕಿಗೆ ಹೋಗುವವರು ಕಡಿಮೆ. ಹೋಗುವವರಿಗೆ ಉಪಯೋಗವಾದೀತೆಂದು ದಾರಿಯ ಹವೆಯ ವಿಷಯವನ್ನೂ ಇಲ್ಲಿ ಸೇರಿಸಿದ್ದೇನೆ.

ಸವಣೂರಿಗೆ ಟಾಂಗಾ ಸಿಕ್ಕಿತು. ಎರಡೂ ಬದಿಗೆ ಎರೆಮಣ್ಣಿನ ಕರಿ ಹೊಲಗಳು ಕಾಲು ಹೋಗುವಷ್ಟು ಬಿರಿದಿದ್ದವು. ಆ ರಾತ್ರಿ ಪರಿಚಯದವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಮೋಟಾರ್ ಸ್ಟ್ಯಾಂಡಿಗೆ ಬಂದೆ. ಎಲೆಬಳ್ಳಿಯ ತೋಟದವರು ವೀಳ್ಯದೆಲೆಯ ಪೆಂಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಮೋಟಾರಿಗೆ ಏರಿಸುತ್ತಿದ್ದರು. ಈ ಊರಿನ ಎಲೆ ಬಿಸಿಗಾಳಿಯನ್ನು ಒಂದು ಗಳಿಗೆಯೂ ತಾಳುವುದಿಲ್ಲವಂತೆ.

ಯುದ್ಧದಿಂದಾಗಿ ಪೆಟ್ರೋಲು ಸಿಗದ ಕಾಲ. ನಮ್ಮ ಮೋಟಾರು ಇದ್ದಲಿಯ ಗ್ಯಾಸಿನ ಮೇಲೆ ಓಡುವಂಥದು. ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಒಲೆ, ನೆತ್ತಿಯ ಟಪ್ಪಿನ ಮೇಲೆ ಇದ್ದಲಿಯ ಚೀಲಗಳು. ಡ್ರೈವರ್ ಇಮಾಮಸಾಬ ಒಲೆ ಊದಿ ಕೆಂಡ ಮಾಡುವವರೆಗೆ ನಾನು ಪತ್ರಿಕೆ ಓದುತ್ತ ಕುಳಿತೆ. ಜಿಲ್ಲೆಯಲ್ಲಿ ಸೆಕೆ ಇನ್ನೂ ಕೆಲವು ದಿನ ಇಳಿಯದು, ದಕ್ಷಿಣದ ತಾಲೂಕುಗಳಲ್ಲಿ ಮಧ್ಯಾಹ್ನದ ಮೇಲೆ ಬಿರುಗಾಳಿ ಗುಡುಗು ಬರಬಹುದು, ಮುಂಗಾರು ಇನ್ನೂ ಕಡಲಿನ ಮೇಲಿದೆ ಎಂದಿತ್ತು.

ಪಕ್ಕದಲ್ಲಿ ಕುಳಿತಿದ್ದ ನೀಲವ್ವ ಎಂಬ ಹೆಂಗಸು ಇಣುಕಿ, "ಏನ್ ಬರದಾರಿ, ಬಾಯಾರ?" ಎಂದು ಕೇಳಿದಳು. ಓದಿ ಹೇಳಿದೆ.

"ಇವತ್ತೊಂದು ದಿನ ತಡಿ ಅಂತ ಗಾಳಿಗೂ ಬರದು ಹಾಕಬೇಕಿತ್ತು," ಎಂದಳು.

ಅವಳ ಆಚೆಗೆ ಹಸಿರು ಇಳಕಲ್ ಸೀರೆಯುಟ್ಟು, ಕೈತುಂಬ ಬಳೆ ಇಟ್ಟು ಕುಳಿತವಳು ಮಗಳು ಗಿರಿಜೆ. ಅಂದೇ ಸಂಜೆ ಹಿರೇಕೆರೂರಿನಲ್ಲಿ, ಗಂಡಿನ ಮನೆಯಲ್ಲಿ, ಅವಳ ಮದುವೆ. ಒಂದು ಸಾವಿನ ಸೂತಕದಿಂದ ಮದುವೆ ಹಿಂದೊಮ್ಮೆ ಮುಂದೆ ಹೋಗಿತ್ತು. ಈ ಮುಹೂರ್ತವೂ ತಪ್ಪಿದರೆ ಬೇರೆ ಹೆಣ್ಣು ನೋಡುತ್ತೇವೆಂದು ಬೀಗರು ಹೇಳಿ ಕಳಿಸಿದ್ದರು. ಗಂಡಸರೆಲ್ಲ ಸಾಮಾನಿನ ಸಂಗಡ ಮೊದಲೇ ಬಂಡಿಯಲ್ಲಿ ಹೋಗಿದ್ದರು. ಇದನ್ನೆಲ್ಲ ನೀಲವ್ವ ಶಿಗ್ಗಾವಿ ಬರುವುದರೊಳಗೆ ನನಗೆ ಹೇಳಿ ಮುಗಿಸಿದಳು. ಗಿರಿಜೆ ಮಾತ್ರ ಬಳೆ ತಿರುವುತ್ತ ಕುಳಿತಿದ್ದಳು.

ಶಿಗ್ಗಾವಿಯಲ್ಲಿ ಒಲೆಗೆ ಇದ್ದಲಿ ತುಂಬಿ ಮುಂದೆ ನಡೆದೆವು. ಹಾನಗಲ್ಲು ಸಮೀಪಿಸಿದಂತೆ ನೆಲದ ಬಣ್ಣ ಬದಲಾಯಿತು. ಕೆರೆಗಳು, ಮಾವಿನ ತೋಪುಗಳು, ಮಳೆಗಿಂತ ಮೊದಲೇ ಒಣಮಣ್ಣಿನಲ್ಲಿ ಭತ್ತ ಬಿತ್ತಲು ಹದಮಾಡಿದ ಗದ್ದೆಗಳು. ಮಳೆ ಬಂದೇ ಬರುತ್ತದೆಂದು ಮಣ್ಣಿಗೆ ಬೀಜ ಕೊಡುವ ಆ ಧೈರ್ಯ ನನಗೆ ಬಹಳ ಹಿಡಿಸಿತು. ಮಾವಿನ ಹಣ್ಣು, ಮಂಡಕ್ಕಿ ತಿಂದೆವು. ಸೆಕೆ ಇಲ್ಲಿ ಬೇರೆ ಬಗೆಯದು: ಸುಡುವುದಿಲ್ಲ, ಬೇಯಿಸುತ್ತದೆ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು.

ಹಿರೇಕೆರೂರು ಎರಡು ಮೈಲು ಇದೆ ಎನ್ನುವಾಗ ಒಂದು ಸಣ್ಣ ಊರಿನ ಮುಂದೆ ಮೋಟಾರು ಗಕ್ಕನೆ ನಿಂತಿತು. ರಸ್ತೆಯ ನಡುವೆ ಕೋಲು ಅಡ್ಡ ಹಿಡಿದು ಒಬ್ಬ ಮುದುಕರು ನಿಂತಿದ್ದರು. ಅವರ ಹಿಂದೆ ರಸ್ತೆಯ ಎರಡೂ ಬದಿಗೆ ಇಡೀ ಊರಿನ ಒಣಮೇವು, ಜೋಳದ ಕಣಿಕಿಯ ಬಣವೆಗಳು. ಗಾಳಿ ಎದ್ದು ಕಣಿಕಿಯ ಎಸಳು ಹಾರಾಡುತ್ತಿದ್ದವು.

"ಇಮಾಮಸಾಬ, ಕೆಂಡ ಆರಿಸು. ಈ ಗಾಳ್ಯಾಗ ಬೆಂಕಿ ಹೊತ್ಕೊಂಡು ಇಲ್ಲಿ ಹಾಯಾಕ ಬಿಡೂದಿಲ್ಲ."

"ಆರಿಸಿದ್ರ ಮತ್ತ ಹೊತ್ತಿಸಾಕ ತಾಸಾಗ್ತೈತ್ರೀ, ಚನ್ನಪ್ಪಜ್ಜಾರ. ಗಾಡ್ಯಾಗ ಮದುಮಗಳದಾಳ!"

"ಮದುಮಗಳಿಗೆ ಇಳಿ ಅಂದ್ನೇನು? ಕೆಂಡಕ್ಕ ಇಳಿ ಅಂದೆ."

ನೀಲವ್ವ ಧಡಕ್ಕನೆ ಇಳಿದು ಅವರೆದುರು ನಿಂತಳು. "ನನ್ನ ಮಗಳಿಗಿಂತ ನಿಮಗ ಕಣಿಕಿ ಹೆಚ್ಚಾತೇನ್ರಿ? ಹೊತ್ತು ಮುಳುಗೂದ್ರೊಳಗ ಅಕ್ಕಿಕಾಳು ಬೀಳಬೇಕು. ಇಲ್ಲಾಂದ್ರ ನನ್ನ ಮಗಳು ಮನ್ಯಾಗ ಉಳಿತಾಳ!"

"ಹೆಚ್ಚು ಕಮ್ಮಿ ತೂಗಾಕ ನಾ ಬಂದಿಲ್ಲ, ತಂಗಿ. ಒಂದು ಕಿಡಿ ಬಿದ್ರ ಮಳಿಗಾಲ ಪೂರ್ತಿ ನಮ್ಮ ಎತ್ತಿನ ಬಾಯಿಗೆ ಮೇವಿಲ್ಲ. ಎತ್ತು ಇದ್ರ ನಿನ್ನ ಮಗಳೂ ಊರು ಮುಟ್ಟತಾಳ." ಅವರು ಊರ ಕಡೆ ತಿರುಗಿ ಕೂಗಿದರು, "ಎರಡು ಜೋಡಿ ಹೊಡಕೊಂಡು ಬರ್ರಲೇ! ಮಿಣಿಹಗ್ಗ ತರ್ರಿ!"

ಇಮಾಮಸಾಬ ಕೆಂಡವನ್ನು ತಗ್ಗಿಗೆ ಸುರಿದು ನೀರು ಹಾಕುತ್ತಿದ್ದವನು ಹೌಹಾರಿದ. "ಮೋಟಾರಿಗೆ ಎತ್ತು ಹೂಡೂದ್ರೀ? ನಾಳೆ ಸವಣೂರಾಗ ಹೆಂಗ ಮಾರಿ ತೋರಿಸಲಿ?"

"ಚಕ್ರ ನಿನ್ನ ಕೈಯಾಗ ಇರತೈತಲ್ಲ, ಮರ್ಯಾದಿನೂ ಅದಕ್ಕ ಕಟ್ಟಿ ಹಿಡಕೋ."

ನಾಲ್ಕು ಎತ್ತುಗಳು ಮುಂದೆ ಎಳೆದವು, ಊರವರೂ ನಾವೂ ಹಿಂದಿನಿಂದ ನೂಕಿದೆವು. ಹೊರಗೆ ಅಪರಿಚಿತರ ನಡುವೆ ಹೀಗೆ ಸೆರಗು ಬಿಗಿದು ನಿಂತದ್ದು ನನಗೆ ಅದೇ ಮೊದಲು. ಬಣವೆಗಳ ಸಾಲು ದಾಟಿತು. ಇಮಾಮಸಾಬ ಹೊಸದಾಗಿ ಒಲೆ ಹೊತ್ತಿಸಲು ಕಡ್ಡಿ ಗೀರುವಷ್ಟರಲ್ಲಿ ಬಿರುಗಾಳಿ ಬಂದೇ ಬಿಟ್ಟಿತು. ಧೂಳಿನಲ್ಲಿ ದಾರಿಯೇ ಕಾಣಲಿಲ್ಲ. ಆಮೇಲೆ ಗುಡುಗು, ಆನೆಕಲ್ಲು, ಸುರಿಮಳೆ. ಎಲ್ಲ ಅರ್ಧ ತಾಸಿನೊಳಗೆ ಮುಗಿಯಿತು. ಆದರೆ ಟಪ್ಪಿನ ಮೇಲಿನ ಇದ್ದಲಿ ನೆನೆದು ಕರಿನೀರು ಇಳಿಯುತ್ತಿತ್ತು. ಒಲೆ ಹೊತ್ತಲಿಲ್ಲ.

ನೀಲವ್ವ ರಸ್ತೆಯ ಕಲ್ಲಿನ ಮೇಲೆ ಕುಳಿತು ಅಳತೊಡಗಿದಳು. ಹೊತ್ತು ಇಳಿಯುತ್ತಿತ್ತು. ಮದುಮಗಳನ್ನು ಆ ಕೆಸರಿನಲ್ಲಿ ನಡೆಸುವಂತಿರಲಿಲ್ಲ; ಬಂಡಿ ತರಿಸೋಣವೆಂದರೆ ಊರಿಗೆ ಹಿಂದಿರುಗಿ ಹೂಡಿಕೊಂಡು ಬರಲು ವೇಳೆ ಸಾಲದು. ಚನ್ನಪ್ಪಜ್ಜ ಯಾರನ್ನೂ ಕೇಳಲಿಲ್ಲ. ಎತ್ತಿನ ಮೈಮೇಲಿನ ನೀರು ಕೈಯಿಂದ ಸವರಿ ತೆಗೆದು, ಬಿಚ್ಚಿದ ಹಗ್ಗವನ್ನು ಮತ್ತೆ ಬಿಗಿದು, "ಹತ್ರಿ ಎಲ್ಲಾರೂ," ಎಂದರು.

ಆಗ ಗಿರಿಜೆ ಮೊದಲ ಸಲ ಬಾಯಿ ತೆರೆದಳು. "ಅವ್ವಾ, ಎತ್ತು ಸೈತ ನನ್ನ ಮದಿವಿಗೆ ಹೊಂಟಾವ, ನೀ ಯಾಕ ಅಳಾಕತ್ತಿ?"

ಒದ್ದೆ ಬಟ್ಟೆಯಲ್ಲಿ ಎಲ್ಲರೂ ನಕ್ಕೆವು, ನೀಲವ್ವನೂ.

ಹಿರೇಕೆರೂರಿನ ಅಗಸಿಬಾಗಿಲಿಗೆ ಮುಟ್ಟಿದಾಗ ಮೋಡದ ಕೆಳಗಿನಿಂದ ಸೂರ್ಯ ಇನ್ನೂ ಕಾಣುತ್ತಿದ್ದ. ಆರತಿ ಹಿಡಿದು ಕಾಯುತ್ತಿದ್ದ ಬೀಗರ ಹೆಂಗಸರು, ಎತ್ತು ಹೂಡಿದ ಮೋಟಾರು ನೋಡಿ ಬೆರಗಾಗಿ ನಿಂತರು. ಒಬ್ಬಾಕೆ ಗಿರಿಜೆಯ ಕಡೆ ಹೆಜ್ಜೆ ಇಡುವಾಗ ನೀಲವ್ವ ಅವಳ ಕೈಯಿಂದ ತಟ್ಟೆಯನ್ನು ತೆಗೆದುಕೊಂಡಳು.

"ತಡೀರಿ, ಬೀಗತಿ. ಮದ್ಲ ಎತ್ತಿಗೆ."

ನಾಲ್ಕು ಎತ್ತುಗಳ ಹಣೆಗೂ ಕುಂಕುಮ ಹಚ್ಚಿ ಆರತಿ ಎತ್ತಿದಳು. ಆಮೇಲೆ ಚನ್ನಪ್ಪಜ್ಜನ ಕಾಲು ಮುಟ್ಟಲು ಬಾಗಿದಳು. ಅವರು ಹಿಂದೆ ಸರಿದರು.

"ಬ್ಯಾಡ ತಂಗಿ. ಹೊತ್ತಾಗ್ತೈತಿ, ಒಳಗ ನಡಿ."

"ಊಟ ಮಾಡಿ ಹೋಗ್ರಿ, ಅಜ್ಜಾರ."

"ಇವತ್ತ ಬ್ಯಾಡ. ಗಾಳಿಗೆ ಅಂಜಿ ನಮ್ಮೂರಾಗ ಇಷ್ಟು ದಿನ ಹೊತ್ತೇರಿದ ಮ್ಯಾಲ ಒಲಿ ಹೊತ್ತಿಲ್ಲ, ತಂಗಳ ರೊಟ್ಟಿನ ಉಂಡೇವಿ. ಮಳಿ ಆತಲ್ಲ, ಮನ್ಯಾಗ ಬಿಸಿ ರೊಟ್ಟಿ ಬಡಿದಿರತಾರ."

ನಾನು ಅಕ್ಕನ ಮನೆಯ ಓಣಿಗೆ ತಿರುಗುವ ಮುನ್ನ ಒಮ್ಮೆ ಹಿಂದೆ ನೋಡಿದೆ. ಒಳಗೆ ಮದುವೆಮನೆಯಲ್ಲಿ ವಾಲಗ ಏರಿತ್ತು, ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಾಗಿತ್ತು. ಹೊರಗೆ ಆ ಮುದುಕರು, ಹಸಿ ರಸ್ತೆಯ ಮೇಲೆ, ಕುಂಕುಮದ ಎತ್ತುಗಳನ್ನು ಹೊಡೆದುಕೊಂಡು ಬಿಸಿ ರೊಟ್ಟಿಗೆ ಅವಸರ ಅವಸರವಾಗಿ ಹೋಗುತ್ತಿದ್ದರು.