ನನ್ನದಲ್ಲದ ಲಾರಿ

ಕಾಪುವಿನ ನನ್ನ ಹೊಲಿಗೆ ಅಂಗಡಿಗೆ ಎರಡು ಹೊಸ ಮೆಷಿನ್ ಬೇಕಿತ್ತು. ಸಾಲ ಕೇಳಲು ಉಡುಪಿಯ ಬ್ಯಾಂಕಿಗೆ ಹೋದಾಗ ಅಧಿಕಾರಿ ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದರು.

"ನಿಮ್ಮ ಕ್ರೆಡಿಟ್ ರಿಪೋರ್ಟ್ ಸರಿ ಇಲ್ಲ ಮೇಡಂ. ಸಾಲ ಸಿಗುವುದಿಲ್ಲ."

"ಅದರಲ್ಲಿ ಎಂತ ಉಂಟು?"

"ತೋರಿಸಲಿಕ್ಕೆ ಆಗುವುದಿಲ್ಲ," ಎಂದು ಪರದೆಯನ್ನು ಆಚೆ ತಿರುಗಿಸಿದರು. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನನಗೆ ನಾಚಿಕೆಯಾಯಿತು.

ಪಕ್ಕದ ಕುರ್ಚಿಯಲ್ಲಿದ್ದ ಅಪರಿಚಿತ ಹೆಂಗಸೊಬ್ಬರು ಮೆಲ್ಲಗೆ ಹೇಳಿದರು: "ಅದು ನಿಮ್ಮದೇ ರಿಪೋರ್ಟ್ ಅಲ್ವಾ? ಎಲ್ಲರ ಸಾಲದ ಲೆಕ್ಕ ಇಡುವ ಕ್ರೆಡಿಟ್ ಕಂಪನಿಯವರು ವರ್ಷಕ್ಕೊಮ್ಮೆ ಪುಕ್ಕಟೆ ಕೊಡಲೇಬೇಕು. ಮೊಬೈಲಿನಲ್ಲೇ ಸಿಗುತ್ತದೆ."

ಅವರೇ ಜೊತೆಗೆ ಕೂತು ತೆಗೆಸಿಕೊಟ್ಟರು. ನೋಡಿದರೆ ನನ್ನ ಹೆಸರಿನಲ್ಲಿ ಒಂದು ಲಾರಿ ಸಾಲ, ಕಂತು ಕಟ್ಟದೆ ಬಾಕಿ ಉಳಿದಿತ್ತು. ವಿಳಾಸ ಕಾರ್ಕಳದ್ದು. ನನಗೆ ಸೈಕಲ್ ಬಿಡಲಿಕ್ಕೂ ಬರುವುದಿಲ್ಲ! ನನ್ನ ಹೆಸರಿನವರು ಭಾನುವಾರ ನಮ್ಮ ಇಗರ್ಜಿಗೆ ಪೂಜೆಗೆ ಬರುವವರಲ್ಲೇ ನಾಲ್ವರಿದ್ದಾರೆ. ಕಾರ್ಕಳದಲ್ಲಿ ಇನ್ನೊಬ್ಬಳಿದ್ದಳು, ಅವಳ ಸಾಲ ನನ್ನ ಲೆಕ್ಕಕ್ಕೆ ಸೇರಿತ್ತು ಅಷ್ಟೇ.

ಅಲ್ಲಿಂದಲೇ ಆ ಕ್ರೆಡಿಟ್ ಕಂಪನಿಗೆ ತಕರಾರು ಕಳುಹಿಸಿದೆ. ತಿಂಗಳೊಳಗೆ ರಿಪೋರ್ಟಿನಿಂದ ಲಾರಿ ಹೋಯಿತು, ಸಾಲವೂ ಮಂಜೂರಾಯಿತು.

ನಾನು ಸಹಿ ಹಾಕುತ್ತಿದ್ದಾಗ ಅದೇ ಅಧಿಕಾರಿ ಸ್ವರ ತಗ್ಗಿಸಿ ಕೇಳಿದರು, "ಮೇಡಂ, ಆ ರಿಪೋರ್ಟ್ ತೆಗೆಯುವುದು ಹೇಗೆ? ನನ್ನದನ್ನೂ ಒಮ್ಮೆ ನೋಡಬೇಕಿತ್ತು."

ಊರಿನವರದ್ದೆಲ್ಲ ದಿನಾ ನೋಡುವ ಮನುಷ್ಯ ತನ್ನದನ್ನು ನೋಡಿಯೇ ಇರಲಿಲ್ಲ.